ಕ್ಯೂಜಿಐಎಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳೋದು?

ಕೋಲಾರದ ಹತ್ತಿರದ ಒಂದು ಕೆರೆ. ಅದರ ಸುತ್ತ 30 ಮೀಟರ್ ಅಗಲದ ಪಟ್ಟಿ ಎಳೆದು ಕೊಡಬೇಕಿತ್ತು. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಬಫರ್ ಟೂಲ್ ತೆರೆದೆ, 30 ಅಂತ ಹಾಕಿದೆ, ರನ್ ಒತ್ತಿದೆ. ಬಂದ ಪಟ್ಟಿ ಯೆಮನ್‌ನಿಂದ ಹಿಡಿದು ವಿಯೆಟ್ನಾಂವರೆಗೆ ಹರಡಿಕೊಂಡಿತ್ತು! ನಾನು ಮೀಟರ್ ಅಂದುಕೊಂಡು ಕೊಟ್ಟ 30 ಅನ್ನು ಅದು ಡಿಗ್ರಿ ಅಂತ ತಿಳಿದುಕೊಂಡಿತ್ತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಎರಡು ದಿನ ಹಾಳಾಯಿತು. ಅದರಲ್ಲಿ ಒಂದೂವರೆ ದಿನ, ಕೇಳಬಾರದ ಕಡೆ ಕೇಳಿ ಉತ್ತರಕ್ಕೆ ಕಾದುಕೊಂಡು ಕೂತದ್ದು.

ಈಗ ನನಗೆ ಬರುವ ಮೆಸೇಜ್‌ಗಳಲ್ಲೂ ಇದೇ ಗೋಳು. ಗುಂಪಿನಲ್ಲಿ ಕೇಳಿದೆ, ಎಲ್ಲರೂ ನೋಡಿ ಸುಮ್ಮನಾದರು. ಇಂಗ್ಲಿಷ್‌ನಲ್ಲಿ ಕಷ್ಟಪಟ್ಟು ಬರೆದು ಹಾಕಿದೆ, ವಾರವಾದರೂ ಯಾರೂ ತಿರುಗಿ ನೋಡಲಿಲ್ಲ. ದುಡ್ಡು ಕೊಟ್ಟು ಸಪೋರ್ಟ್ ತಗೊಳ್ಳೋದು ವಾಸಿನಾ?

ಕ್ಯೂಜಿಐಎಸ್ 2002ರಲ್ಲಿ ಗ್ಯಾರಿ ಶೆರ್ಮನ್ ಅನ್ನುವವರು ಶುರು ಮಾಡಿದ ಸಾಫ್ಟ್‌ವೇರ್. ಬಳಸಲು ದುಡ್ಡು ಬೇಡ, ಕೋಡ್ ಎಲ್ಲರಿಗೂ ತೆರೆದಿದೆ. ಆದರೆ ಕಸ್ಟಮರ್ ಕೇರ್ ನಂಬರ್ ಅಂತ ಒಂದಿಲ್ಲ. ಅದರ ಬದಲು ಏಳೆಂಟು ಬಾಗಿಲುಗಳಿವೆ, ಒಂದೊಂದರ ಹಿಂದೆ ಒಂದೊಂದು ಥರದ ಜನ ಇದ್ದಾರೆ. ಹೆಚ್ಚಿನವರು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಉತ್ತರ ಕೊಡುವವರು. ತಪ್ಪು ಬಾಗಿಲು ತಟ್ಟಿದರೆ ಅವರ ಹೊತ್ತೂ ಹಾಳು, ನಿಮ್ಮ ಹೊತ್ತೂ ಹಾಳು.

ಮೊದಲು ಅಳತೆಗೋಲು

ಬಾಗಿಲು ಆರಿಸುವ ಮೊದಲು ನಾನು ನೋಡುವುದು ಇಷ್ಟು. ಉತ್ತರ ಯಾವಾಗ ಬೇಕು, ಇವತ್ತು ಸಂಜೆಗಾ, ಮುಂದಿನ ವಾರಕ್ಕಾ? ಯಾವ ಭಾಷೆಯಲ್ಲಿ ಕೇಳಿದರೆ ನನಗೆ ಸಲೀಸು? ನನ್ನ ಫೈಲನ್ನು ಊರಿಗೆಲ್ಲ ತೋರಿಸಬಹುದಾ, ಅಥವಾ ಅದರಲ್ಲಿ ರೈತರ ಹೆಸರು, ಸರ್ವೆ ನಂಬರ್ ಇದೆಯಾ? ಸಿಕ್ಕ ಉತ್ತರ ಆರು ತಿಂಗಳ ಮೇಲೆ ಹುಡುಕಿದರೆ ಮತ್ತೆ ಸಿಗುತ್ತದಾ? ಕೊನೆಗೆ, ಕೈಯಿಂದ ಎಷ್ಟು ಖರ್ಚಾಗುತ್ತದೆ?

ಇವೆಲ್ಲಕ್ಕಿಂತ ಮುಂಚೆ ಇನ್ನೊಂದಿದೆ. ನಿಮ್ಮದು ಯಾವ ಜಾತಿಯ ಪ್ರಶ್ನೆ? 'ಹೇಗೆ ಮಾಡೋದು ಗೊತ್ತಿಲ್ಲ' ಅನ್ನುವುದು ಒಂದು. 'ಡೇಟಾ ಸರಿಯಿಲ್ಲ' ಅನ್ನುವುದು ಇನ್ನೊಂದು. 'ಸಾಫ್ಟ್‌ವೇರೇ ಕೆಟ್ಟಿದೆ' ಅನ್ನುವುದು ಮೂರನೆಯದು. ಸುಮಾರು ಜನ ಮೊದಲ ಎರಡನ್ನು ಮೂರನೆಯದು ಅಂದುಕೊಳ್ಳುತ್ತಾರೆ. ನನ್ನ ಕೆರೆ ಕೇಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಮ್ಯಾನ್ಯುಯಲ್

'ಮೊದಲು ಮ್ಯಾನ್ಯುಯಲ್ ಓದಿ' ಅಂದರೆ ಯಾರಿಗೂ ಹಿಡಿಸುವುದಿಲ್ಲ, ಗೊತ್ತು. ಆದರೆ ಅಲ್ಲಿರುವುದು ಒಂದೇ ಪುಸ್ತಕ ಅಲ್ಲ. ಯೂಸರ್ ಗೈಡ್ ಅನ್ನುವುದು ನಿಘಂಟಿನ ಥರ, ಬೇಕಾದಾಗ ತೆರೆದು ನೋಡಬೇಕು. ಟ್ರೈನಿಂಗ್ ಮ್ಯಾನ್ಯುಯಲ್ ಅನ್ನುವುದು ಪಾಠದ ಥರ, ಅಭ್ಯಾಸದ ಫೈಲ್ ಸಮೇತ. ಮೂರನೆಯದು 'ಜೆಂಟಲ್ ಇಂಟ್ರೊಡಕ್ಷನ್ ಟು ಜಿಐಎಸ್'. ಇದನ್ನು ದಕ್ಷಿಣ ಆಫ್ರಿಕಾದಲ್ಲಿ ಶಾಲಾ ಮಕ್ಕಳನ್ನೂ ಮೇಷ್ಟ್ರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದರು. ಹೊಸಬರಿಗೆ ನಾನು ಕೊಡುವುದು ಇದನ್ನೇ. ಪ್ರೊಜೆಕ್ಷನ್ ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕ, ಅಳತೆ ಮೀಟರಿನಲ್ಲೋ ಡಿಗ್ರಿಯಲ್ಲೋ ಅನ್ನುವುದು ಅದರ ಮೇಲೆ ನಿಂತಿದೆ. ಇದರಲ್ಲಿರುವ ಆ ಅಧ್ಯಾಯವೊಂದನ್ನು ಓದಿಕೊಂಡಿದ್ದರೆ ನನ್ನ ಕೆರೆ ಯೆಮನ್‌ಗೆ ಹೋಗುತ್ತಿರಲಿಲ್ಲ.

ಕಾಯಬೇಕಾಗಿಲ್ಲ, ಖರ್ಚಿಲ್ಲ, ಡೇಟಾ ಹೊರಗೆ ಹೋಗುವುದಿಲ್ಲ. ತೊಡಕು ಎಲ್ಲಿ ಅಂದರೆ, ಹುಡುಕಲು ಸರಿಯಾದ ಪದ ನಿಮಗೆ ಮೊದಲೇ ಗೊತ್ತಿರಬೇಕು. 'ಬಫರ್ ದೊಡ್ಡದಾಯಿತು' ಅಂತ ಹುಡುಕಿದರೆ ಮ್ಯಾನ್ಯುಯಲ್‌ನಲ್ಲಿ ಏನೂ ಸಿಗುವುದಿಲ್ಲ. 'ಪ್ರೊಜೆಕ್ಷನ್' ಅಂತ ಹುಡುಕಬೇಕು. ಆ ಪದ ಗೊತ್ತಿದ್ದವನಿಗೆ ತೊಂದರೆಯೇ ಆಗುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಮಾತು. ಕ್ಯೂಜಿಐಎಸ್‌ನ ಹೊಸ ವರ್ಷನ್ ನಾಲ್ಕು ತಿಂಗಳಿಗೊಮ್ಮೆ ಬರುತ್ತದೆ. ವರ್ಷಕ್ಕೊಂದನ್ನು ಎಲ್‌ಟಿಆರ್ (ಲಾಂಗ್ ಟರ್ಮ್ ರಿಲೀಸ್) ಅಂತ ಆರಿಸಿ, ಅದರ ದೋಷಗಳನ್ನು ಒಂದು ವರ್ಷ ಸರಿಪಡಿಸುತ್ತಾ ಇರುತ್ತಾರೆ. ಕೆಲಸಕ್ಕೆ ಬಳಸುವವರು ಎಲ್‌ಟಿಆರ್ ಹಾಕಿಕೊಳ್ಳಿ. ಮ್ಯಾನ್ಯುಯಲ್ ಕೂಡ ಅದಕ್ಕೇ ಹೊಂದಿರುತ್ತದೆ, ನಿಮಗೆ ಉತ್ತರ ಹೇಳುವವರ ಹತ್ತಿರವೂ ಅದೇ ಇರುವ ಸಾಧ್ಯತೆ ಜಾಸ್ತಿ.

ಓದುವುದಕ್ಕಿಂತ ನೋಡಿ ಕಲಿಯುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕ್ಯೂಜಿಐಎಸ್ ಸರಣಿ ಇದೆ. ಬೆಂಗಳೂರಿನ ಸ್ಪೇಷಿಯಲ್ ಥಾಟ್ಸ್‌ನವರು ತಮ್ಮ ಕೋರ್ಸ್‌ಗಳ ಪಾಠವನ್ನು ಉಚಿತವಾಗಿ ತೆರೆದಿಟ್ಟಿದ್ದಾರೆ. ಆ ಪಾಠಗಳು ಇಂಗ್ಲಿಷ್‌ನಲ್ಲಿವೆ, ಆದರೆ ಹೆಜ್ಜೆ ಹೆಜ್ಜೆಗೂ ಚಿತ್ರ ಇರುವುದರಿಂದ ಅರ್ಧ ಇಂಗ್ಲಿಷ್ ಬಂದರೂ ಸಾಕು.

ನಮ್ಮವರ ಗುಂಪು

ವಾಟ್ಸಾಪ್, ಟೆಲಿಗ್ರಾಂ ಗುಂಪು, ಪಕ್ಕದ ಆಫೀಸಿನ ಗೆಳೆಯ, ಕಾಲೇಜಿನ ಸೀನಿಯರ್. ಜನರನ್ನು ಕೇಳುವುದಾದರೆ ಎಲ್ಲರೂ ಮೊದಲು ತಟ್ಟುವ ಬಾಗಿಲು ಇದು. ಕನ್ನಡದಲ್ಲಿ ಕೇಳಬಹುದು, ಸ್ಕ್ರೀನಿನ ಫೋಟೋ ಹೊಡೆದು ಹಾಕಬಹುದು. ಅದೃಷ್ಟವಿದ್ದರೆ ಕಾಫಿ ಕುಡಿದು ಬರುವಷ್ಟರಲ್ಲಿ ಉತ್ತರ.

ಕೆಲವು ಪ್ರಶ್ನೆಗಳಿಗಂತೂ ಇವರನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಹಳೆಯ ಸರ್ವೆ ಫೈಲ್ ತೆರೆಯುತ್ತೀರಿ. ಊರ ಹೆಸರಿನ ಕಾಲಂನಲ್ಲಿ ಇಂಗ್ಲಿಷ್ ಅಕ್ಷರ, ಸೊನ್ನೆ, ಬಾಲ, ಚುಕ್ಕಿಗಳ ಗೋಜಲು. ಜರ್ಮನಿಯಲ್ಲಿ ಕೂತ ಜಾಣ 'ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಯಾಗಿ ಬರೆದಿಡುವ ಪದ್ಧತಿ) ಬದಲಾಯಿಸಿ ನೋಡಿ' ಅನ್ನುತ್ತಾನೆ. ಹತ್ತು ಎನ್‌ಕೋಡಿಂಗ್ ಬದಲಾಯಿಸಿದರೂ ಅದು ಕನ್ನಡ ಆಗುವುದಿಲ್ಲ. ಯಾಕೆಂದರೆ ಅದು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಮಾತ್ರ ಅದನ್ನು ಕನ್ನಡದ ಹಾಗೆ ತೋರಿಸುತ್ತಿತ್ತು. ಟೇಬಲನ್ನು ಸಿಎಸ್‌ವಿ (ಬರೀ ಅಕ್ಷರದ ಟೇಬಲ್ ಫೈಲ್) ಮಾಡಿ ಹೊರತೆಗೆದು, ಆಸ್ಕಿಯಿಂದ, ಅಂದರೆ ಆ ಹಳೆಯ ಸಂಕೇತಗಳಿಂದ, ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿ, ಮತ್ತೆ ನಕ್ಷೆಗೆ ಜಾಯಿನ್ ಮಾಡಬೇಕು. ಡಿಟಿಪಿ ಮಾಡಿದ ಯಾರಾದರೂ ಇದನ್ನು ನೋಡಿದ ತಕ್ಷಣ ಹೇಳುತ್ತಾರೆ. ಆದರೆ ಗೋಜಲಿನ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಕಥೆ ಬೇರೆ. ಯಾರೋ ಸೇವ್ ಮಾಡುವಾಗಲೇ ಅಕ್ಷರ ಹೋಗಿಬಿಟ್ಟಿರುತ್ತದೆ. ಮೂಲ ಫೈಲ್ ಹುಡುಕುವುದೊಂದೇ ದಾರಿ.

ಗುಂಪಿನ ಕೆಟ್ಟ ಗುಣವನ್ನೂ ಹೇಳಬೇಕು. ಉತ್ತರ ಗಟ್ಟಿ ದನಿಯಲ್ಲಿ ಬರುತ್ತದೆ, ಸರಿಯೋ ತಪ್ಪೋ ನೋಡುವವರಿಲ್ಲ. ನನ್ನ ಬಫರ್‌ಗೆ ಕೊನೆಗೆ ಬಂದ ಉತ್ತರ 'ಕರ್ನಾಟಕ ಅಂದ್ರೆ 32643 ಹಾಕಿ' ಅಂತ. ಇಪಿಎಸ್‌ಜಿ ಅನ್ನುವುದು ಪ್ರೊಜೆಕ್ಷನ್‌ಗಳಿಗೆ ಕೊಟ್ಟ ನಂಬರ್. ಯುಟಿಎಂ ಅನ್ನುವುದು ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಪ್ರೊಜೆಕ್ಷನ್. ಇಪಿಎಸ್‌ಜಿ 32643 ಅಂದರೆ ಯುಟಿಎಂನ 43ನೇ ವಲಯ, ಅದು ಪೂರ್ವಕ್ಕೆ 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತದೆ. ಆ ರೇಖೆ ಮಾಲೂರಿಗೂ ಕೋಲಾರಕ್ಕೂ ನಡುವೆ ಹಾದುಹೋಗುತ್ತದೆ! ಮಾಲೂರು 43ನೇ ವಲಯ, ಕೋಲಾರ ಪೇಟೆ 44ನೇ ವಲಯ, ಅಂದರೆ 32644. ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಅಲ್ಲಿ ಯಾವುದನ್ನು ಹಾಕಿದರೂ ಕಿಲೋಮೀಟರಿಗೆ ಹೆಚ್ಚೆಂದರೆ ಒಂದು ಮೀಟರ್ ಆಚೀಚೆ. ಆದರೆ ಒಬ್ಬರ ಫೈಲ್ 43ರಲ್ಲಿ, ಇನ್ನೊಬ್ಬರದು 44ರಲ್ಲಿ ಇದ್ದು, ಯಾವುದು ಯಾವುದೆಂದು ಬರೆದಿಡದಿದ್ದರೆ ಆಮೇಲೆ ಒಟ್ಟಿಗೆ ಕೂರಿಸುವಾಗ ತಲೆ ಕೆಡುತ್ತದೆ. ಜಿಲ್ಲೆಗೆಲ್ಲ ಒಂದನ್ನೇ ಹಿಡಿದು ನಡೆಯಿರಿ.

ಇನ್ನು, ಗುಂಪಿನಲ್ಲಿ ಬಂದ ಉತ್ತರ ಎರಡು ದಿನಕ್ಕೆ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಮುಂದಿನ ತಿಂಗಳು ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಹೇಳಿದವರಿಗೆ ಬೇಸರ ಬಂದು ಸುಮ್ಮನಾಗುತ್ತಾರೆ. ಒಳ್ಳೆಯ ಗುಂಪುಗಳು ಹೀಗೇ ಸಾಯುವುದು.

ಜಿಐಎಸ್ ಸ್ಟ್ಯಾಕ್ ಎಕ್ಸ್‌ಚೇಂಜ್

2010ರಿಂದ ನಡೆಯುತ್ತಿರುವ ಪ್ರಶ್ನೋತ್ತರದ ಜಾಗ. ಗೂಗಲ್‌ನಲ್ಲಿ ಕ್ಯೂಜಿಐಎಸ್ ತೊಂದರೆ ಹುಡುಕಿದರೆ ಹೆಚ್ಚಾಗಿ ಮೊದಲು ಬರುವುದು ಇದೇ. ಗುಂಪಿನಲ್ಲಿ ಇಲ್ಲದ್ದೆಲ್ಲ ಇಲ್ಲಿದೆ. ಉತ್ತರ ಉಳಿಯುತ್ತದೆ, ಚೆನ್ನಾಗಿರುವುದು ವೋಟ್ ಪಡೆದು ಮೇಲೆ ಬರುತ್ತದೆ, ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ.

ಆದರೆ ಇದು ಹರಟೆ ಕಟ್ಟೆಯಲ್ಲ. ಒಂದು ಪೋಸ್ಟ್‌ಗೆ ಒಂದೇ ಪ್ರಶ್ನೆ. 'ಯಾವ ಸಾಫ್ಟ್‌ವೇರ್ ಒಳ್ಳೆಯದು' ಅನ್ನುವ ಥರದ ಅಭಿಪ್ರಾಯದ ಪ್ರಶ್ನೆಗೆ ಜಾಗವಿಲ್ಲ. 'ಹಲೋ ಸರ್, ದಯವಿಟ್ಟು ಅರ್ಜೆಂಟ್' ಅಂತ ಬರೆದರೆ ಯಾರೋ ಬಂದು ಆ ಸಾಲನ್ನೇ ಅಳಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಹಾಗೇ ಮಾಡುತ್ತಾರೆ. ಹೊಸಬರು ಬೇರೆಯವರ ಪೋಸ್ಟ್‌ಗೆ ಕಾಮೆಂಟ್ ಹಾಕುವಂತಿಲ್ಲ, ಅದಕ್ಕೆ 50 ಪಾಯಿಂಟ್ ಆಗಬೇಕು. ವೋಟ್ ಹಾಕಲು 15. ಹಾಗಾಗಿ 'ನನಗೂ ಇದೇ ತೊಂದರೆ' ಅಂತ ಬರೆಯಲು ಉತ್ತರದ ಡಬ್ಬಿ ಬಳಸಬೇಡಿ, ತೆಗೆದುಹಾಕುತ್ತಾರೆ.

ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು. ಅಲ್ಲಿ ಚಂದದ ಇಂಗ್ಲಿಷ್ ಯಾರಿಗೂ ಬೇಡ. ವರ್ಷನ್ ನಂಬರ್, ಮಾಡಿದ ಹೆಜ್ಜೆಗಳು, ಬಂದ ಎರರ್‌ನ ಪೂರ್ತಿ ಸಾಲು ಇದ್ದರೆ ಮುರುಕು ಇಂಗ್ಲಿಷ್‌ಗೂ ಉತ್ತರ ಸಿಗುತ್ತದೆ. ಇವು ಇಲ್ಲದಿದ್ದರೆ ಎಂಥ ಇಂಗ್ಲಿಷ್ ಇದ್ದರೂ ಸಿಗುವುದಿಲ್ಲ.

ನಿಜವಾದ ತೊಡಕು ಡೇಟಾದ್ದು. ಅಲ್ಲಿ ಹಾಕಿದ್ದು ಲೋಕಕ್ಕೆಲ್ಲ ಕಾಣುತ್ತದೆ. ರೈತರ ಹೆಸರಿರುವ ಟೇಬಲ್‌ನ ಸ್ಕ್ರೀನ್‌ಶಾಟ್ ಹಾಕಬೇಡಿ. ನಾಲ್ಕು ತುಂಡು ಜಮೀನು ಸೆಲೆಕ್ಟ್ ಮಾಡಿ, ಅವನ್ನಷ್ಟೇ ಬೇರೆ ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿ, ಹೆಸರಿನ ಕಾಲಂ ತೆಗೆದುಹಾಕಿ. ಆ ನಾಲ್ಕು ತುಂಡಿನಲ್ಲೂ ತೊಂದರೆ ಕಂಡರೆ ಮಾತ್ರ ಅದನ್ನು ತೋರಿಸಿ ಕೇಳಿ.

ಮೇಲಿಂಗ್ ಲಿಸ್ಟ್

ಓಎಸ್‌ಜಿಯೊ ಅನ್ನುವುದು 2006ರಲ್ಲಿ ಹುಟ್ಟಿದ ಸಂಸ್ಥೆ, ಇಂಥ ಹಲವು ಸಾಫ್ಟ್‌ವೇರ್‌ಗಳಿಗೆ ಒಂದು ಮನೆಯಿದ್ದಂತೆ. ಕ್ಯೂಜಿಐಎಸ್ ಬಳಕೆದಾರರ ಮೇಲಿಂಗ್ ಲಿಸ್ಟ್, ಅಂದರೆ ಒಬ್ಬರು ಕಳಿಸಿದ ಮೇಲ್ ಸೇರಿದವರಿಗೆಲ್ಲ ಹೋಗುವ ಪಟ್ಟಿ, ಅಲ್ಲೇ ಇದೆ. ಸ್ಟ್ಯಾಕ್ ಎಕ್ಸ್‌ಚೇಂಜ್ ಬೇಡ ಅನ್ನುವ ಪ್ರಶ್ನೆಗಳಿಗೆ, ಅಂದರೆ 'ಇದಕ್ಕೆ ಯಾವ ದಾರಿ ಒಳ್ಳೆಯದು', 'ಯಾರಾದರೂ ಹೀಗೆ ಮಾಡಿದ್ದೀರಾ' ಅನ್ನುವಂಥವಕ್ಕೆ ಇದು ಸರಿ. ಕಳಿಸಿದ ಮೇಲ್ ಶಾಶ್ವತವಾಗಿ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ, ಆಫೀಸಿನ ಐಡಿಯಿಂದ ಕಳಿಸುವ ಮೊದಲು ಯೋಚಿಸಿ. ಉತ್ತರ ಕೊಡುವವರಲ್ಲಿ ಯುರೋಪಿನವರು ಬಹಳ. ನಮ್ಮ ಮಧ್ಯಾಹ್ನ ಅವರ ಬೆಳಿಗ್ಗೆ, ನಾನು ಮೇಲ್ ಕಳಿಸುವುದು ಆ ಹೊತ್ತಿಗೇ.

ಗಿಟ್‌ಹಬ್

ಇಲ್ಲಿ ತರಬೇಕಾದದ್ದು ಒಂದೇ, ಸಾಫ್ಟ್‌ವೇರ್ ನಿಜವಾಗಿ ಕೆಟ್ಟಿದೆ ಅನ್ನುವ ದೂರು. 2019ರಿಂದ ಕ್ಯೂಜಿಐಎಸ್‌ನ ದೋಷಗಳ ಪಟ್ಟಿ ಗಿಟ್‌ಹಬ್ ಅನ್ನುವ, ಕೋಡ್ ಹಂಚಿಕೊಳ್ಳುವ ಸೈಟಿನಲ್ಲಿದೆ. 'ಹೇಗೆ ಮಾಡೋದು' ಅಂತ ಅಲ್ಲಿ ಕೇಳಿದರೆ ಮರ್ಯಾದೆಯಿಂದಲೇ ಬಾಗಿಲು ಹಾಕುತ್ತಾರೆ.

ಕೆಟ್ಟಿದೆಯೋ ಇಲ್ಲವೋ ತಿಳಿಯುವ ಸುಲಭ ಉಪಾಯ ಒಂದಿದೆ. ಸೆಟ್ಟಿಂಗ್ಸ್ ಮೆನುವಿನಲ್ಲಿ ಯೂಸರ್ ಪ್ರೊಫೈಲ್ಸ್‌ಗೆ ಹೋಗಿ ಹೊಸ ಪ್ರೊಫೈಲ್ ಮಾಡಿ. ಅದು ನೀವು ಹಾಕಿಕೊಂಡ ಪ್ಲಗಿನ್ (ಬೇರೆಯವರು ಬರೆದ ಹೆಚ್ಚುವರಿ ಟೂಲ್) ಏನೂ ಇಲ್ಲದೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದಂತೆ ತೆರೆದುಕೊಳ್ಳುತ್ತದೆ. ಅಲ್ಲಿ ತೊಂದರೆ ಮಾಯವಾದರೆ ತಪ್ಪು ಯಾವುದೋ ಪ್ಲಗಿನ್‌ದು ಅಥವಾ ಸೆಟ್ಟಿಂಗ್‌ನದು. ಪ್ಲಗಿನ್‌ದಾದರೆ ದೂರು ಹೋಗಬೇಕಾದದ್ದು ಆ ಪ್ಲಗಿನ್ ಬರೆದವರ ಪುಟಕ್ಕೆ. ಅಲ್ಲೂ ತೊಂದರೆ ಹಾಗೇ ಇದ್ದರೆ, ಯಾವ ಹೆಜ್ಜೆಗೆ ಏನಾಯಿತು ಅಂತ ಬರೆದು ಹಾಕಿ. ತಿಂಗಳಾನುಗಟ್ಟಲೆ ಕಾಯಬೇಕಾಗಬಹುದು. ನಾಳೆ ರಿಪೋರ್ಟ್ ಕೊಡಬೇಕಾದವರಿಗೆ ಇದು ಬಾಗಿಲೇ ಅಲ್ಲ.

ಡೇಟಾದ ಪ್ರಶ್ನೆಯಾದರೆ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ, ಅಂದರೆ ಜನರೇ ಸೇರಿ ಮಾಡುವ ಉಚಿತ ನಕ್ಷೆಯಲ್ಲಿ, ನಿಮ್ಮೂರಿನ ರಸ್ತೆ ತಪ್ಪಿದ್ದರೆ ಕ್ಯೂಜಿಐಎಸ್‌ನವರನ್ನು ಕೇಳಿ ಏನೂ ಉಪಯೋಗವಿಲ್ಲ. ಅದು ಸ್ಟೀವ್ ಕೋಸ್ಟ್ 2004ರಲ್ಲಿ ಬ್ರಿಟನ್ನಿನಲ್ಲಿ ಶುರು ಮಾಡಿದ ಬೇರೆಯೇ ಕೆಲಸ. ನಕ್ಷೆಯ ಮೇಲೆ ನೋಟ್ ಅಂಟಿಸಿ ತಪ್ಪು ತೋರಿಸಬಹುದು. ಖಾತೆ ತೆರೆದು ನೀವೇ ತಿದ್ದಿದರೆ ಇನ್ನೂ ಒಳ್ಳೆಯದು. ಕನ್ನಡದ ಹೆಸರಿಗೆ ಬೇರೆ ಟ್ಯಾಗ್ ಇದೆ. ಗೂಗಲ್ ಮ್ಯಾಪ್ ನೋಡಿ ನಕಲು ಮಾತ್ರ ಮಾಡಬೇಡಿ, ಅದು ಅಲ್ಲಿ ನಡೆಯುವುದಿಲ್ಲ. ತಾಲ್ಲೂಕು, ವಾರ್ಡ್ ಗಡಿಗಳ ಫೈಲ್ ಎಲ್ಲಿ ಸಿಗುತ್ತದೆ ಅನ್ನುವಂಥದ್ದಕ್ಕೆ ಡೇಟಾಮೀಟ್ ಗುಂಪು ಸರಿ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ನಮ್ಮ ಸರ್ಕಾರಿ ಡೇಟಾದ ಒಳಸುಳಿ ಬಲ್ಲವರು ಅಲ್ಲಿದ್ದಾರೆ.

ಎಐ ಚಾಟ್‌ಬಾಟ್

ಈಗ ಎಲ್ಲರೂ ಮೊದಲು ಕೇಳುವುದು ಇದನ್ನೇ, ನಾನೂ ಕೇಳುತ್ತೇನೆ. ಕನ್ನಡದಲ್ಲಿ ಕೇಳಬಹುದು, ನಡುರಾತ್ರಿಯಲ್ಲೂ ಕೇಳಬಹುದು. ಮೇಲೆ ಹೇಳಿದೆನಲ್ಲ, ಮ್ಯಾನ್ಯುಯಲ್‌ನಲ್ಲಿ ಹುಡುಕಲು ಸರಿಯಾದ ಪದ ಬೇಕು ಅಂತ, ಆ ಪದ ಹುಡುಕಿಕೊಡುವುದರಲ್ಲಿ ಇದು ಗಟ್ಟಿ. 'ಬಫರ್ ದೇಶದಷ್ಟು ದೊಡ್ಡದಾಗಿದೆ' ಅಂದರೆ ಪ್ರೊಜೆಕ್ಷನ್ ನೋಡಿ ಅನ್ನುತ್ತದೆ. ಅಷ್ಟು ಸಾಕು, ಆಮೇಲೆ ಮ್ಯಾನ್ಯುಯಲ್‌ಗೆ ಹೋಗಿ.

ಪೈಥಾನ್ ಕೋಡ್ ಬರೆಸುವಾಗ ಹುಷಾರು. ಕ್ಯೂಜಿಐಎಸ್ 3 ಬಂದದ್ದು 2018ರಲ್ಲಿ. ಆಗ ಎಷ್ಟೋ ಹೆಸರುಗಳು ಬದಲಾದವು. 'ಕ್ಯೂಜಿಎಸ್ ಮ್ಯಾಪ್ ಲೇಯರ್ ರಿಜಿಸ್ಟ್ರಿ' ಅನ್ನುವುದು ಹೋಗಿ ಅದರ ಕೆಲಸ 'ಕ್ಯೂಜಿಎಸ್ ಪ್ರಾಜೆಕ್ಟ್'ಗೆ ಬಂತು. ಇಂಟರ್ನೆಟ್ಟಿನಲ್ಲಿ ಹಳೆಯ ಕೋಡ್ ಇನ್ನೂ ರಾಶಿ ಬಿದ್ದಿದೆ. ಚಾಟ್‌ಬಾಟ್ ಕೊಟ್ಟ ಕೋಡ್‌ನಲ್ಲಿ ಆ ಮ್ಯಾಪ್ ಲೇಯರ್ ರಿಜಿಸ್ಟ್ರಿ ಹೆಸರು ಕಂಡರೆ ಅದು ಆ ರಾಶಿಯಿಂದ ಎತ್ತಿದ್ದು, ಓಡುವುದಿಲ್ಲ. ಇಲ್ಲದ ಮೆನುವನ್ನು ಇದೆ ಅಂತ ಹೇಳುವುದೂ ಉಂಟು.

ದುಡ್ಡು ಕೊಟ್ಟು

ಕ್ಯೂಜಿಐಎಸ್‌ನ ಸ್ವಂತ ಸೈಟಿನಲ್ಲೇ ಸಪೋರ್ಟ್ ಕೊಡುವ ಕಂಪನಿಗಳ ಪಟ್ಟಿ ಇದೆ. ಸ್ವಿಟ್ಜರ್ಲೆಂಡಿನ ಓಪನ್‌ಜಿಐಎಸ್, ಬ್ರಿಟನ್ನಿನ ಲುಟ್ರಾ ಕನ್ಸಲ್ಟಿಂಗ್, ದಕ್ಷಿಣ ಆಫ್ರಿಕಾದ ಕಾರ್ಟೋಜಾ, ಆಸ್ಟ್ರೇಲಿಯಾದ ನಾರ್ತ್ ರೋಡ್, ಇಂಥವರು. ಇವರಲ್ಲಿ ಹಲವರು ಕ್ಯೂಜಿಐಎಸ್ ಕೋಡನ್ನೇ ಬರೆಯುವವರು. ಮೊಬೈಲ್ ಸರ್ವೆಗೆ ಬಳಸುವ ಕ್ಯೂಫೀಲ್ಡ್ ಓಪನ್‌ಜಿಐಎಸ್‌ನವರದು, ಮರ್ಜಿನ್ ಮ್ಯಾಪ್ಸ್ ಲುಟ್ರಾದವರದು. ಡೇಟಾವನ್ನು ಒಪ್ಪಂದ ಮಾಡಿಕೊಂಡು ಗುಟ್ಟಾಗಿ ತೋರಿಸಬಹುದು, ಗಡುವು ಕೇಳಬಹುದು, ನಿಮಗೆ ಬೇಕಾದ ಸೌಲಭ್ಯವನ್ನು ಹೇಳಿ ಮಾಡಿಸಿಕೊಳ್ಳಬಹುದು. ಬಿಲ್ ಮಾತ್ರ ಆ ದೇಶಗಳ ಕೂಲಿಯ ಲೆಕ್ಕದಲ್ಲಿ ಬರುತ್ತದೆ.

ನನ್ನ ಅನುಭವದಲ್ಲಿ, ಬಫರ್‌ನಂಥ ಪ್ರಶ್ನೆಗಳಿಗೆ ಸಪೋರ್ಟ್ ಕೊಳ್ಳುವುದು ದಂಡ. ಅದೇ ದುಡ್ಡಿನಲ್ಲಿ ಆಫೀಸಿನ ಇಬ್ಬರಿಗೆ ತರಬೇತಿ ಕೊಡಿಸಿ. ಒಬ್ಬರಿಗಲ್ಲ, ಇಬ್ಬರಿಗೆ. ಒಬ್ಬರು ಕೆಲಸ ಬಿಟ್ಟು ಹೋದರೆ ಕಲಿತದ್ದೆಲ್ಲ ಅವರ ಜೊತೆ ಬಸ್ ಹತ್ತುತ್ತದೆ. ಐವತ್ತು ಜನ ದಿನವೂ ಬಳಸುವ, ಒಂದು ದಿನ ನಿಂತರೆ ನಷ್ಟವಾಗುವ ಕಡೆ ಸಪೋರ್ಟ್ ಒಪ್ಪಂದಕ್ಕೆ ಅರ್ಥವಿದೆ.

ಯಾರಿಗೆ ಯಾವುದು

ನೀವು ವಿದ್ಯಾರ್ಥಿಯಾಗಿದ್ದರೆ ಹೊತ್ತು ಇದೆ, ದುಡ್ಡಿಲ್ಲ. ಮ್ಯಾನ್ಯುಯಲ್, ಆಮೇಲೆ ಸ್ಟ್ಯಾಕ್ ಎಕ್ಸ್‌ಚೇಂಜ್. ಅಲ್ಲಿ ಬೇರೆಯವರ ಸುಲಭದ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋಗಿ, ಕೇಳುವುದಕ್ಕಿಂತ ಅದರಲ್ಲೇ ಜಾಸ್ತಿ ಕಲಿಯುತ್ತೀರಿ. ಸಣ್ಣ ಸಂಸ್ಥೆಯಲ್ಲಿ ಹಳ್ಳಿಯ ನಕ್ಷೆ ಮಾಡುವವರು ಊರಿನ ಗುಂಪನ್ನು ಬಿಡಬೇಡಿ, ಆದರೆ ಸಿಕ್ಕ ಉತ್ತರವನ್ನು ಒಂದು ಹಂಚಿಕೊಂಡ ಕಡತದಲ್ಲಿ ಬರೆದಿಡಿ. ಸರ್ಕಾರಿ ಕಚೇರಿಯಲ್ಲಿರುವವರು, ಡೇಟಾ ಹೊರಗೆ ಹೋಗುವಂತಿಲ್ಲ ಅನ್ನುವವರು, ನಕಲಿ ಡೇಟಾ ಮಾಡಿ ಕೇಳುವುದನ್ನು ಕಲಿಯಿರಿ, ಇಲ್ಲವೇ ಒಪ್ಪಂದದ ದಾರಿ. ಸಂಜೆಯೊಳಗೆ ಬೇಕು ಅನ್ನುವವರಿಗೆ ಚಾಟ್‌ಬಾಟ್ ಮತ್ತು ಗೆಳೆಯ, ಬೇರೆ ಯಾವುದೂ ಅಷ್ಟು ಬೇಗ ಆಗುವುದಿಲ್ಲ.

ಈಗ ಒಂದು ಉದಾಹರಣೆ. ಶೇಪ್‌ಫೈಲ್, ಜಿಯೋಪ್ಯಾಕೇಜ್ ಎರಡೂ ನಕ್ಷೆಯ ಡೇಟಾ ಇಡುವ ಫೈಲ್ ನಮೂನೆಗಳು. ಯಾವ ಬಾಗಿಲಾದರೂ ಸರಿ, ಪ್ರಶ್ನೆ ಹೀಗಿರಬಾರದು: 'ಶೇಪ್‌ಫೈಲ್ ಸರಿಯಾಗಿ ಸೇವ್ ಆಗ್ತಿಲ್ಲ, ಹೆಲ್ಪ್ ಮಾಡಿ'.

ಹೀಗಿರಲಿ: 'ಕ್ಯೂಜಿಐಎಸ್ 3.40, ವಿಂಡೋಸ್ 11. ಜಿಯೋಪ್ಯಾಕೇಜ್‌ನಿಂದ ಶೇಪ್‌ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿದೆ, ಎನ್‌ಕೋಡಿಂಗ್ ಯುಟಿಎಫ್-8. "ಊರು" ಅನ್ನುವ ಕಾಲಂ ಹೆಸರು ಹಾಗೇ ಉಳಿಯಿತು. "ಗ್ರಾಮ" ಅನ್ನುವುದು ತುಂಡಾಯಿತು. ಹೊಸ ಪ್ರೊಫೈಲ್‌ನಲ್ಲೂ ಹೀಗೇ. ಯಾಕೆ?'

ಇದಕ್ಕೆ ಎರಡೇ ಸಾಲಿನಲ್ಲಿ ಉತ್ತರ ಬರುತ್ತದೆ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ 10 ಬೈಟ್ ಜಾಗ ಮಾತ್ರ, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಊರು' 9 ಬೈಟ್, ಹಿಡಿಸುತ್ತದೆ. 'ಗ್ರಾಮ' ಒತ್ತಕ್ಷರ, ದೀರ್ಘ ಎಲ್ಲ ಸೇರಿ 15 ಬೈಟ್, ಹಿಡಿಸುವುದಿಲ್ಲ. ಕಾಲಂಗೆ ಇಂಗ್ಲಿಷ್‌ನಲ್ಲಿ ಚಿಕ್ಕ ಹೆಸರಿಡಿ, ಇಲ್ಲವೇ ಜಿಯೋಪ್ಯಾಕೇಜ್‌ನಲ್ಲೇ ಇಟ್ಟುಕೊಳ್ಳಿ.

ಮತ್ತೆ, ಫೈಲ್ ಕಳಿಸುವಾಗ ಡಾಟ್ ಎಸ್‌ಎಚ್‌ಪಿ ಒಂದನ್ನೇ ವಾಟ್ಸಾಪ್ ಮಾಡಬೇಡಿ. ಶೇಪ್‌ಫೈಲ್ ಅಂದರೆ ಒಂದು ಫೈಲ್ ಅಲ್ಲ, ಒಂದು ಕುಟುಂಬ. ಡಿಬಿಎಫ್ ಬಿಟ್ಟರೆ ಟೇಬಲ್ ಹೋಯಿತು, ಪಿಆರ್‌ಜೆ ಬಿಟ್ಟರೆ ಪ್ರೊಜೆಕ್ಷನ್ ಹೋಯಿತು. ಎಲ್ಲವನ್ನೂ ಜಿಪ್ ಮಾಡಿ ಕಳಿಸಿ.